ಹಳದಿ ರೆಕ್ಕೆಯ ಕಪ್ಪು ಗುರುತು

ಅರವತ್ತರ ದಶಕದ ಆರಂಭದಲ್ಲಿ ನಾನು ಸಿದ್ದಾಪುರದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಪತಂಗಗಳ ಫೋಟೋ ತೆಗೆಯುವ ಹುಚ್ಚು ಹತ್ತಿಕೊಂಡಿತ್ತು. ಶಿರಸಿಯ ಸ್ಟುಡಿಯೋ ಒಂದರಲ್ಲಿ ಕೊಂಡ ಹಳೆಯ ಕ್ಯಾಮೆರಾದ ಮೂತಿಗೆ ಭೂತಗನ್ನಡಿ ಕಟ್ಟಿಕೊಂಡು, ಬೆಳಗಾಗುತ್ತಲೇ ಪ್ರವಾಸಿ ಬಂಗಲೆಗೆ ಓಡುತ್ತಿದ್ದೆ. ಗ್ಯಾಸ್‌ಬತ್ತಿಯ ಬೆಳಕಿಗೆ ಬಂದ ಪತಂಗಗಳು ಸುಣ್ಣದ ಗೋಡೆಗೆ ಅಂಟಿಕೊಂಡೇ ಇರುತ್ತಿದ್ದವು. ಬಂಗಲೆ ಗುಡಿಸುವ ಹೆಂಗಸು ಪೊರಕೆ ಆಡಿಸುವುದರೊಳಗೆ ನನ್ನ ಕೆಲಸ ಮುಗಿಯಬೇಕು.

ಒಂದು ದಿನ ಒಣಗಿದ ಎಲೆಯಂಥ ದೊಡ್ಡ ಪತಂಗ ಸಿಕ್ಕಿತು. ಫೋಟೋವನ್ನು ಮುಂಬಯಿಯ ತಜ್ಞರೊಬ್ಬರಿಗೆ ಕಳಿಸಿದೆ. ಉತ್ತರ ಬಂತು: ‘ಇದು ಹಣ್ಣಿನ ರಸ ಹೀರುವ ಪತಂಗ. ಮೇಲಿನ ರೆಕ್ಕೆಯಡಿ ಹಳದಿ ರೆಕ್ಕೆ ಇರುತ್ತದೆ. ಅದರ ನಡುವಿನ ಕಪ್ಪು ಗುರುತು ದುಂಡಗಿತ್ತೋ, ಬಾಗಿತ್ತೋ? ಅದು ತಿಳಿಯದೆ ಹೆಸರು ಹೇಳಲಾರೆ.’

ನಾನು ಆ ರೆಕ್ಕೆಯನ್ನೇ ನೋಡಿರಲಿಲ್ಲ. ಎರಡು ವಾರ ಗೋಡೆ ಕಾದರೂ ಅಂಥದ್ದು ಮತ್ತೆ ಬರಲಿಲ್ಲ. ತರಗತಿಯಲ್ಲಿ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕೊನೆಗೆ ಮುಂಬಯಿಯ ಪತ್ರದ ವಿಷಯ ಹೇಳಿ ಆ ಹೆಂಗಸನ್ನೇ ಕೇಳಿದೆ.

“ಬಗ್ಗಿತ್ತು, ಕುಡುಗೋಲಿನ ಹಾಂಗೆ,” ಎಂದಳು. “ಅವತ್ತು ನೀವು ಹೋದ್ಮೇಲೆ ಪೊರಕೆ ತಾಗಿ ಹಾರ್ತು. ನಾ ಸಮಾ ಕಂಡೀನಿ, ಮಾಸ್ತರೇ.”

‘ಬಾಗಿತ್ತು, ನಾನೇ ಕಂಡೆ’ ಎಂದು ಬರೆದುಬಿಟ್ಟೆ. ಪತಂಗದ ಹೆಸರು ಬಂತು, ಖುಷಿಯಾಗಲಿಲ್ಲ. ಆ ‘ನಾನೇ’ ಎಂಬ ಮಾತು ಊಟಕ್ಕೆ ಕೂತಾಗಲೂ ಚುಚ್ಚುತ್ತಿತ್ತು.

ಮರುತಿಂಗಳು ಯಲ್ಲಾಪುರದ ಹಣ್ಣಿನ ಅಂಗಡಿಯೊಂದರಲ್ಲಿ ಕಿತ್ತಳೆ ಬುಟ್ಟಿಯಿಂದ ಅಂಥದೇ ಪತಂಗ ಎದ್ದು ರೆಕ್ಕೆ ಬಿಚ್ಚಿತು. ಹಳದಿಯ ನಡುವೆ ದುಂಡನೆಯ ಕಪ್ಪು ಬೊಟ್ಟು! ಗುಡಿಸುವವಳು ತಪ್ಪು ಕಂಡಿರಬೇಕು ಎಂದುಕೊಂಡೆ. ಅಂದೇ ತಜ್ಞರಿಗೆ ಎಲ್ಲ ಬರೆದು ತಪ್ಪೊಪ್ಪಿಕೊಂಡೆ. ಮರುದಿನ ಹೆಂಗಸಿಗೆ, “ಗುರುತು ದುಂಡಗಿದೆಯಲ್ಲ, ಮಾರಾಯ್ತಿ,” ಎಂದೆ.

“ಹಂಗಾರೆ ನಾ ಸುಳ್ಳು ಹೇಳಿದ್ನಾ?” ಎಂದವಳು ಪೊರಕೆ ಕೆಳಗಿಟ್ಟು ಒಳಗೆ ಹೋದಳು. ಆಮೇಲೆ ನನ್ನೊಡನೆ ಮಾತೇ ಇಲ್ಲ. ಮುಂಬಯಿಯಿಂದಲೂ ಪತ್ರವಿಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಪಾಠ ಬಿಟ್ಟು ಕಿಟಕಿಗೆ ಹೋಗುತ್ತಿದ್ದೆ.

ಒಂದು ಬೆಳಗ್ಗೆ ಅವಳೇ ಶಾಲೆಗೆ ಬಂದಳು. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಸತ್ತ ಪತಂಗ. “ಬತ್ತಿ ಕೆಳಗೆ ಬಿದ್ದಿತ್ತು. ಈಗ ನೀವೇ ನೋಡಿ.”

ಮೇಲಿನ ರೆಕ್ಕೆ ಬಿಡಿಸಿ ನೋಡಿದೆ. ಗುರುತು ಬಾಗಿಯೇ ಇತ್ತು. ದುಂಡು ಗುರುತಿನದು, ಬಾಗಿದ ಗುರುತಿನದು, ಎರಡೂ ಜಾತಿಗಳು ನಮ್ಮ ಸೀಮೆಯಲ್ಲೇ ಇದ್ದವು.

“ನನ್ನದೇ ತಪ್ಪು,” ಎಂದೆ.

“ಅದನ್ನ ಮುಂಬೈಗೂ ಬರೀರಿ,” ಎಂದಳು.

ಬರೆದೆ, ಪತಂಗವನ್ನೂ ಕಳಿಸಿದೆ. ಈ ಸಲ ಉತ್ತರ ಬೇಗ ಬಂತು. ಮೊದಲು ಕಂಡವಳ ಹೆಸರೇನು, ದಾಖಲೆಯಲ್ಲಿ ಬರೆದುಕೊಳ್ಳಬೇಕು ಎಂದು ಕೇಳಿದ್ದರು. ಇಷ್ಟು ದಿನವಾದರೂ ನನಗೆ ಅದು ಗೊತ್ತಿರಲಿಲ್ಲ. ಪತ್ರ ಹಿಡಿದು ಬಂಗಲೆಯ ಕಡೆ ನಡೆದೆ.