ಮೊದಲು ಯಾವ ಲೈನು ಆರಬೇಕು

ಬ್ಯಾಟರಿ ಅಕ್ಕ ಹೊಸ ಮನೆಗೆ ಹೋದರೆ ಮೊದಲು ಬಿಸಿಲು ನೋಡುವುದಿಲ್ಲ, ಅಡುಗೆಮನೆಗೆ ಹೋಗಿ ಕೂರುತ್ತಾಳೆ. ಮಾವನ ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ತುಂಬಿಸುತ್ತಲೇ ಕೆಲಸ ಕಲಿತವಳು. ಈಗ ಕರೆಂಟಿನ ಕಂಬ ತಲುಪದ ಮನೆಗಳಿಗೆ ಸೋಲಾರ್ ಲೆಕ್ಕ ಹಾಕಿಕೊಡುತ್ತಾಳೆ: ಎಷ್ಟು ಪ್ಯಾನೆಲ್ಲು, ಎಷ್ಟು ಬ್ಯಾಟರಿ, ಯಾವುದಕ್ಕೆ ಯಾವ ಲೈನು, ಮುಂದೆ ಬೇಕಾದರೆ ಎಲ್ಲಿ ಸೇರಿಸುವುದು. "ಯಜಮಾನ್ರು ಬರ್ಲಿಲ್ವಾ?" ಎಂದು ಕೇಳುವವರಿಗೆ "ಅಂಗಡೀಲಿ ಕೂತಿದ್ದಾರೆ. ಕೂರೋ ಕೆಲಸ ಅವರದ್ದು" ಎನ್ನುತ್ತಾಳೆ.

ಗುಡ್ಡದ ಮೇಲೆ ಅಂಥದ್ದೊಂದು ಮನೆ; ಅದರ ಯಜಮಾನ ಬಡಗಿ. ಬಾಗಿಲಲ್ಲೇ ನಿಂತು ಒಪ್ಪಿಸಿದ: "ನಾಲ್ಕು ಬಲ್ಬು, ಒಂದು ಫ್ಯಾನು, ಟಿವಿ, ಮೊಬೈಲ್ ಚಾರ್ಜು. ಅಷ್ಟೇ ಅಕ್ಕ."

"ಅಷ್ಟೇನಾ ತಂಗಿ?" ಅಕ್ಕ ಒಲೆಯ ಮುಂದಿದ್ದ ಅವನ ಹೆಂಡತಿಯನ್ನು ಕೇಳಿದಳು.

"ನನಗೇನು ಬೇಕು? ಅವರು ಹೇಳಿದ್ದೇ."

ಹೇಳುತ್ತಲೇ ಅವಳು ಕೈ ಒರೆಸಿಕೊಂಡು ಒಳಕೋಣೆಗೆ ಹೋದಳು. ಅಕ್ಕ ಹಿಂದೆಯೇ ಹೋದಳು. ಪಾರ್ಶ್ವವಾಯು ಹೊಡೆದ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಸೊಸೆ ಅವರ ಭುಜದಡಿ ಒಂದು ಕೈ, ಸೊಂಟದಡಿ ಒಂದು ಕೈ ಕೊಟ್ಟು, ಉಸಿರು ಬಿಗಿಹಿಡಿದು ಇನ್ನೊಂದು ಮಗ್ಗುಲಿಗೆ ಹೊರಳಿಸಿದಳು. ಬೆನ್ನಿನಲ್ಲಿ ಕೆಂಪಾದ ಜಾಗವನ್ನು ಬಗ್ಗಿ ನೋಡಿದಳು.

"ರಾತ್ರೀನೂ ಹೀಗೇನಾ?"

"ಮತ್ತೆ? ಎರಡೆರಡು ಗಂಟೆಗೆ ಹೊರಳಿಸ್ದಿದ್ರೆ ಹುಣ್ಣಾಗುತ್ತೆ. ನಿದ್ದೆ ನನ್ನ ತವರಿನವರ ಹಾಗಾಗಿದೆ ಅಕ್ಕ, ಬಂದ್ರೂ ಕೂತು ಹೋಗಲ್ಲ."

ಅತ್ತೆಯ ಸೊಟ್ಟಗಾದ ಬಾಯಲ್ಲಿ ನಗುವಿನಂಥದ್ದೇನೋ ಮೂಡಿತು. ಅಕ್ಕನಿಗೆ ನಗು ಬರಲಿಲ್ಲ. ತನ್ನ ತಾಯಿಯನ್ನೂ ಹೀಗೆಯೇ ಹೊರಳಿಸಿದವಳು ಅವಳು. ಒಮ್ಮೆ ಜ್ವರ ಬಂದು ತಾನೇ ಮಲಗಿದಾಗ ತಾಯಿಯ ಬೆನ್ನಲ್ಲಿ ಎದ್ದ ಹುಣ್ಣು ಕೊನೆಯವರೆಗೂ ಮಾಯಲಿಲ್ಲ.

ಅಟ್ಟದ ಮೇಲೊಂದು ಪೆಟ್ಟಿಗೆ ಕಂಡಿತು. "ಅದೇನದು?"

"ಗಾಳಿ ಹಾಸಿಗೆ. ಬೆನ್ನು ಹುಣ್ಣಾಗಲ್ಲ ಅಂತ ಆಸ್ಪತ್ರೆಯವರು ಹೇಳಿದ್ರು, ತಂದಿದ್ದು," ಎಂದ ಹಿಂದೆಯೇ ಬಂದು ನಿಂತಿದ್ದ ಬಡಗಿ. "ಪಂಪು ಸದಾ ಓಡ್ತಾ ಇರಬೇಕಂತೆ. ಕರೆಂಟಿಲ್ದೆ ಏನ್ ಮಾಡೋದು?"

"ಮತ್ತೆ ಅದನ್ನ ಯಾಕಪ್ಪ ಹೇಳ್ಲಿಲ್ಲ?"

"ಅದೂ ಲೆಕ್ಕಕ್ಕೆ ಬರುತ್ತಾ? ಹೇಗೋ ನಡೀತಿದೆಯಲ್ಲ."

ನಡೆಯುತ್ತಿರಲಿಲ್ಲ, ಒಬ್ಬಳು ನಡೆಸುತ್ತಿದ್ದಳು. ಅಕ್ಕ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಪಂಪು ಎಳೆಯುವ ಕರೆಂಟು ಒಂದು ಸಣ್ಣ ಬಲ್ಬಿನಷ್ಟು. ಆದರೆ ಹಗಲೂ ರಾತ್ರಿ ಎಳೆಯುತ್ತದೆ. ಗುಡ್ಡದ ಕಡಿದಾದ ದಾರಿಯಲ್ಲಿ ಸದ್ಯಕ್ಕೆ ಹೊತ್ತು ತರಬಹುದಾದದ್ದು ಎರಡೇ ಬ್ಯಾಟರಿ. ಮೋಡ ಕವಿದ ದಿನಗಳಲ್ಲಿ ಅವು ಎಲ್ಲಕ್ಕೂ ಸಾಲುವುದಿಲ್ಲ.

"ಚಾರ್ಜ್ ತಳ ಮುಟ್ತಾ ಬಂದ ಹಾಗೆ ಒಂದೊಂದೇ ಲೈನು ತಾನಾಗೇ ಆಫ್ ಆಗೋ ಹಾಗೆ ಮಾಡ್ತೀನಿ," ಎಂದಳು. "ಮೊದಲು ಯಾವುದು ಹೋಗ್ಬೇಕು, ನೀವು ಹೇಳಿ."

"ಹಾಸಿಗೇದೇ ಹೋಗ್ಲಿ," ಎಂದ ಬಡಗಿ. ಅವನ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. "ಹೇಗೂ ಇವಳಿದ್ದಾಳಲ್ಲ."

ಹೆಂಡತಿ ಅತ್ತೆಯ ಹೊದಿಕೆ ಸರಿಪಡಿಸುತ್ತಿದ್ದಳು. ತಲೆ ಎತ್ತದೆಯೇ ಅಂದಳು: "ಟಿವಿ ಮೊದಲು ಹೋಗ್ಲಿ. ಅದನ್ನ ಯಾರೂ ಎತ್ತಿ ಹೊರಳಿಸ್ಬೇಕಾಗಿಲ್ಲ."

"ಮ್ಯಾಚ್ ಇದ್ದಾಗ?"

ಮಲಗಿದ್ದಲ್ಲಿಂದಲೇ ಅತ್ತೆ ಕಷ್ಟಪಟ್ಟು ಎರಡೇ ಮಾತು ಹೊರಡಿಸಿದರು: "ಅವಳು... ಹೇಳ್ದಂಗೆ."

ಅಕ್ಕ ವೈರು ಎಳೆಸಿದ್ದು ಹಾಗೆಯೇ. ಹಾಸಿಗೆ ಹಾಕಿದರೂ ಆಗಾಗ ಹೊರಳಿಸಲೇಬೇಕು, ಆದರೆ ಇಷ್ಟು ಸಲ ಬೇಡ ಎಂದೂ ಹೇಳಿ ಬಂದಳು.

ಮೋಡದ ದಿನಗಳು ಬಂದವು. ಒಂದು ಸಂಜೆ ಅಕ್ಕನ ಫೋನು ಬಡಿದುಕೊಂಡಿತು. ಮುಂದೆ ಪಾತ್ರೆಯ ರಾಶಿ, ಕೈಯೆಲ್ಲ ಸೋಪು. ಭುಜದಿಂದ ಕಿವಿಗೆ ಒತ್ತಿಕೊಂಡಳು.

"ಅಕ್ಕಾ, ಟಿವಿ ಹೋಯ್ತು! ಕಡೇ ಓವರು!" ಬಡಗಿಯ ದನಿ. "ಎಲ್ಲ ಕೆಟ್ಟೋಯ್ತಾ?"

"ಅಮ್ಮನ ಹಾಸಿಗೆ?"

ಅವನು ನಡೆದು ಹೋಗುವ ಸದ್ದು. "ಗುಂಯ್ ಅಂತಿದೆ."

"ಹೆಂಡತಿ?"

ಈಗ ಅವನ ದನಿ ತಗ್ಗಿತ್ತು. "ಪಕ್ಕದಲ್ಲೇ ಮಲಗ್ಬಿಟ್ಟಿದ್ದಾಳೆ. ಇಷ್ಟು ಹೊತ್ತಿಗೆ ಯಾವತ್ತೂ ಮಲಗಲ್ಲ... ಎಬ್ಬಿಸ್ಲಾ?"

"ಬೇಡಪ್ಪ," ಎಂದಳು ಅಕ್ಕ. "ಏನೂ ಕೆಟ್ಟಿಲ್ಲ."