ಅಮ್ಮನ ಮುಖ ಮಾಡುತ್ತಿದ್ದ ಕೈ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಇಳಿದು ಸ್ವಲ್ಪ ಒಳಗೆ ನಡೆದರೆ ನಮ್ಮೂರು. ಊರಮ್ಮನ ಗುಡಿಗೆ ನಮ್ಮ ಮನೆಯವರೇ ಪೂಜಾರಿ. ಮಾವನವರ ಕಾಲದಿಂದಲೂ ಪೂಜೆ ನಮ್ಮ ಮನೆತನದಲ್ಲೇ ನಡೆದುಬಂದಿದೆ.

ಗುಡಿಯೊಳಗಿನ ಅಮ್ಮ ಎಂದರೆ ಮೊಣಕಾಲೆತ್ತರದ ಒಂದು ಕರಿಕಲ್ಲು. ಕಣ್ಣಿಲ್ಲ, ಮೂಗಿಲ್ಲ. ಆದರೆ ಮುಖವಿಲ್ಲದ ಅಮ್ಮನನ್ನು ಜನಕ್ಕೆ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. ಉಳಿದ ದಿನ ತೆರೆಯ ಈಚೆಯಿಂದಲೇ ದೀಪ, ಮಂಗಳಾರತಿ. ಶುಕ್ರವಾರ ಬೆಳಿಗ್ಗೆ ಮಾತ್ರ ಪೂಜಾರಿ ಒಬ್ಬರೇ ಒಳಗೆ ಕೂತು ಅಮ್ಮನಿಗೆ ಮುಖ ಮಾಡಬೇಕು, ಆಮೇಲೆ ತೆರೆ ಸರಿಸಬೇಕು. ಸಂಜೆ ಆ ಮುಖ ಕರಗಿಸಿ ಬೇವಿನ ಮರದ ಬುಡಕ್ಕೆ ಹಾಕಬೇಕು. ಮದುವೆಯಾಗಿ ಬಂದ ವರ್ಷದಿಂದ ನಾನು ತೆರೆಯ ಈಚೆ ಕೂತು ಅರಿಶಿನ ಕಲಸಿ ಕೊಟ್ಟಿದ್ದೇನೆ, ಬೆಣ್ಣೆ ತಣ್ಣೀರಿನಲ್ಲಿ ತೊಳೆದು ಕೊಟ್ಟಿದ್ದೇನೆ. ಅವರು ಮುಖ ಮಾಡುವುದನ್ನು ಒಂದು ಸಲವೂ ಕಣ್ಣಾರೆ ನೋಡಿಲ್ಲ. ತೆರೆ ಸರಿದ ಮೇಲೆ ಎಲ್ಲರ ಜೊತೆ ನಾನೂ ನೋಡಬೇಕು.

ಅರಿಶಿನದಲ್ಲಿ ಮಾಡಿದರೆ ಅಮ್ಮ ಆಗಷ್ಟೇ ನೀರು ಹಾಕಿಕೊಂಡು ಬಂದ ಬಾಣಂತಿಯ ಹಾಗೆ ಇರುತ್ತಿದ್ದಳು. ಬೆಣ್ಣೆಯಲ್ಲಿ ಮಾಡಿದರೆ ಎತ್ತಿಕೊಳ್ಳೋಣ ಅನ್ನಿಸುವ ಮಗು. ಸುತ್ತ ಹಸಿರು ಬಳೆ ಜೋಡಿಸಿದರೆ ತವರಿಗೆ ಹೊರಟು ನಿಂತವಳು. ಬೇವಿನ ಸೊಪ್ಪು ಮುಚ್ಚಿದ ವಾರ ಹತ್ತಿರ ಹೋಗಲು ಭಯ. ಕಲ್ಲು ಅದೇ ಕಲ್ಲು. ಒಂದು ದಿನ ನಮ್ಮವರನ್ನು ಕೇಳಿದೆ:

"ಇರಾ ಕಲ್ಲು ಒಂದೇ ಅಲ್ವಾ, ಮೊಖ ಎಂಗೆ ವಾರವಾರ ಬ್ಯಾರೆ ಆಯ್ತದೆ?"

"ನಾನೆಲ್ಲಿ ಮಾಡ್ತೀನಮ್ಮಿ," ಎಂದರು. "ಬೆಣ್ಣೆ ಒತ್ತುದ್ರೆ ಜಾರ್ತದೆ. ಅದು ಜಾರ್ದ ಕಡೆ ಕೆನ್ನೆ ಮಾಡ್ತೀನಿ. ಅರಿಸ್ನ ಬೆರ್ಳಿನ ಗುರ್ತ ಅಂಗೇ ಮಡಿಕತದೆ, ಅದ್ಕೆ ಅದ್ರಲ್ಲಿ ನಗು ತತ್ತೀನಿ. ಬೇವು ಯಾರ್ ಮಾತೂ ಕೇಳಕಿಲ್ಲ. ಅದ್ರಲ್ಲಿ ಬರೀ ಕಣ್ಣು ಮಡಗಿ ಸುಮ್ಕಾಯ್ತೀನಿ."

ಅಷ್ಟೇ ಅವರ ಉತ್ತರ. ಆದರೆ ಊರಲ್ಲಿ ಸಾವಾದ ಮನೆಯವರು ಬರುತ್ತಾರೆ ಎಂದು ಗೊತ್ತಾದ ವಾರ ತುಟಿಗೆ ಕುಂಕುಮ ಕಡಿಮೆ ಹಚ್ಚುತ್ತಿದ್ದರು. ಅದನ್ನು ಅವರು ಹೇಳಲಿಲ್ಲ, ನಾನೇ ಗುರುತಿಸಿದ್ದು.

ಪಕ್ಕದ ಮನೆಯ ನನ್ನ ಓರಗಿತ್ತಿಗೆ ಇದರಲ್ಲಿ ಭಾರಿ ತಮಾಷೆ. "ಅಲ್ಲ ಕಣಕ್ಕ, ಭಾವ ಅಮ್ಮಂಗೆ ಇಷ್ಟೊಂದು ಸಿಂಗಾರ ಮಾಡ್ತರಲ್ಲ, ನಿಂಗೆ ಯಾವತ್ತಾರ ಒಂದು ಮೊಳ ಊವ ಮುಡ್ಸವ್ರಾ?"

"ನಾನೂ ಕಲ್ಲಾಗಿ ಕುಂತಿದ್ರೆ ಮುಡುಸ್ತಿದ್ರು ಬುಡು."

ಕೈನಡುಕ ಮೊದಲು ಕಾಣಿಸಿದ್ದು ಕಾಫಿ ಲೋಟದಲ್ಲಿ. ಆಮೇಲೆ ಅಂಗಿ ಗುಂಡಿಯಲ್ಲಿ. ಮಂಡ್ಯದ ನರದ ಡಾಕ್ಟರ ಹತ್ತಿರ ಹೋದೆವು. ಅವರು ಕೈ ಚಾಚಿಸಿ ನೋಡಿದರು, ನಡೆಸಿ ನೋಡಿದರು. ಇದು ವಾಸಿಯಾಗುವ ಕಾಯಿಲೆಯಲ್ಲ, ಮಾತ್ರೆ ತೆಗೆದುಕೊಂಡರೆ ಸ್ವಲ್ಪ ನಿಧಾನವಾಗುತ್ತದೆ ಎಂದರು.

"ನಡುಕ ದಿನಾ ನಿಲ್ದಿದ್ರೂ ಪರ್ವಾಗಿಲ್ಲ ಸ್ವಾಮಿ," ಎಂದರು ನಮ್ಮವರು. "ಸುಕ್ರವಾರ ಒಂದಿನ ನಿಂತ್ರೆ ಸಾಕು."

"ಶುಕ್ರವಾರ ಏನು ಅಂಥ ಕೆಲಸ?"

"ಕಣ್ಣು ಬರೀಬೇಕು."

ಡಾಕ್ಟರು ಇನ್ನೇನೂ ಕೇಳದೆ ಚೀಟಿ ಬರೆದರು. ಒಳ್ಳೆಯ ಮನುಷ್ಯ, ನಗಲಿಲ್ಲ.

ಹೋದ ವರ್ಷ ಆಷಾಢದ ಒಂದು ಶುಕ್ರವಾರ. ಗುಡಿ ತುಂಬ ಜನ. ಅರಿಶಿನದ ಮುಖ. ಮುಖವೆಲ್ಲ ಆದ ಮೇಲೆ ಕಣ್ಣು ಕೊನೆಗೆ. ಅಕ್ಕಿಹಿಟ್ಟಿನ ಬಿಳಿಯ ಮೇಲೆ ಬೇವಿನ ಕಡ್ಡಿಯ ತುದಿಯಿಂದ ಕಾಡಿಗೆ ಇಡಬೇಕು. ಒಂದೇ ಸಲಕ್ಕೆ ಆಗಬೇಕು, ಇಟ್ಟದ್ದನ್ನು ಒರೆಸುವಂತಿಲ್ಲ. ಒರೆಸಿದರೆ ಅಮ್ಮನ ಕಣ್ಣು ಕಿತ್ತ ಹಾಗೆ ಎನ್ನುತ್ತಾರೆ. ತೆರೆಯ ಒಳಗಿನಿಂದ ಅವರ ದನಿ ಕೇಳುತ್ತಿತ್ತು. "ತಡಿ, ತಡಿ... ನಿಂತ್ಕೊ." ಕೈಗೆ ಹೇಳುತ್ತಿದ್ದರೋ ಅಮ್ಮನಿಗೋ ತಿಳಿಯಲಿಲ್ಲ. ನಾನು ಅರಿಶಿನದ ಬಟ್ಟಲು ಹಿಡಿದು ದೇವರನ್ನು ಬೇಡುತ್ತಿದ್ದೆ. ಆ ದೇವರು ಒಳಗೇ ಇದ್ದಳು.

ತೆರೆ ಸರಿಯಿತು. ಎಡಗಣ್ಣಿನ ಕಾಡಿಗೆ ಮೇಲಕ್ಕೆ ಹಾರಿತ್ತು. ಹುಬ್ಬು ಅರ್ಧಕ್ಕೆ ಮುರಿದಿತ್ತು. ನನಗೆ ಅದರಲ್ಲಿ ಕಂಡದ್ದು ನಮ್ಮವರ ಕೈ ಮಾತ್ರ.

ತಮಟೆ ನಿಂತಿತು. ಹಿಂದಿನಿಂದ ನನ್ನ ಓರಗಿತ್ತಿಯೇ ಮೊದಲು ಅಂದಳು: "ಅಮ್ಮ ಮುನಿಸ್ಕಂಡವ್ಳೆ ಕಣಕ್ಕ."

ಒಬ್ಬಳು ಹೇಳಿದ ಮೇಲೆ ಎಲ್ಲರಿಗೂ ಕಂಡಿತು. ಹರಕೆ ತೀರಿಸದವರಿಗೆ ಹರಕೆ ನೆನಪಾಯಿತು. ಅಣ್ಣತಮ್ಮಂದಿರ ಜಗಳದಲ್ಲಿದ್ದವರು ತಲೆ ತಗ್ಗಿಸಿದರು. ಮೈಮೇಲೆ ಬಂದು ಒಬ್ಬಾಕೆ ಬಿದ್ದಳು. ಸಂಜೆಯ ಹೊತ್ತಿಗೆ ಪಕ್ಕದ ಊರಿನವರೂ ಬಂದರು. ನಮ್ಮವರು ತಿದ್ದಿ ತೀಡಿ ಮಾಡಿದ ಯಾವ ಮುಖವನ್ನೂ ಜನ ಅಷ್ಟು ಹೊತ್ತು ನಿಂತು ನೋಡಿರಲಿಲ್ಲ.

ಮಾರನೆಯ ದಿನ ಇವರು ತಾವಾಗಿಯೇ ಊರ ಗೌಡರ ಮನೆಗೆ ಹೋದರು. ಕೈ ಹಿಡಿದು ನಡೆಸಲು ನಾನೂ ಹೋಗಿದ್ದೆ. ಗೌಡರು ಜಗಲಿಯ ಮೇಲೆ ಶಾಂತಿಪೂಜೆಯ ಮಾತಾಡುತ್ತಾ ಕೂತಿದ್ದರು.

"ಅಮ್ಮ ಮುನಿದಿಲ್ಲ ಗೌಡ್ರೆ. ನನ್ ಕೈ ನಡುಗ್ತು, ಅಷ್ಟೇಯ. ಕಾಯ್ಲೆ. ಡಾಕ್ಟ್ರು ಏಳವ್ರೆ."

ಗೌಡರು ಬೀಡಿ ಕೆಳಗಿಟ್ಟರು. "ನಿನ್ ಕೈ ನಡುಗುಸ್ದೋರು ಯಾರು ಪೂಜಾರಪ್ಪ?"

ಇವರು ಆ ಕೈಯನ್ನು ಹೆಗಲ ಮೇಲಿನ ಟವೆಲಿನ ಅಡಿಗೆ ಸರಿಸಿದರು.

"ಯಾರು ಅಂತ ಏಳು ಮತ್ತೆ. ಇಷ್ಟ್ ವರ್ಸ ನಡುಗದ್ ಕೈ ಈಗ್ಯಾಕ್ ನಡುಗ್ತು? ಅವ್ಳಿಗೆ ನಿನ್ ಕೈ ಬ್ಯಾಡ ಆಗದೆ ಕಣಪ್ಪ. ತಪ್ಪು ತಿಳ್ಕಬ್ಯಾಡ. ಪೂಜೆ ನೀನೇ ಮಾಡು, ಯಾರೂ ಕಿತ್ಕಳಕಿಲ್ಲ. ಮೊಖ ಮಾತ್ರ ಮುಟ್ಬ್ಯಾಡ."

ಸುಳ್ಳು ಹೇಳಿ ಸುಮ್ಮನಿದ್ದಿದ್ದರೂ ಇದೇ ಆಗುತ್ತಿತ್ತೋ ಏನೋ. ನಿಜ ಹೇಳಿದ್ದರಿಂದ ಆಗಿದ್ದು ಇಷ್ಟು. ಅವರ ಕಾಯಿಲೆಯೂ ಅವರದಾಗಿ ಉಳಿಯಲಿಲ್ಲ.

ಕಾರ್ತಿಕದ ಹೊತ್ತಿಗೆ ಊರೆಲ್ಲ ಸೇರಿ ಬೆಳ್ಳಿಯ ಮುಖವಾಡ ಮಾಡಿಸಿ ತಂದರು. ಚೆನ್ನಾಗಿದೆ, ಇಲ್ಲವೆನ್ನಲಾರೆ. ದುಂಡು ಮುಖ, ಸಣ್ಣ ನಗು. ಹಿಂದೆ ಎರಡು ಕೊಂಡಿ. ಯಾರು ಕಟ್ಟಿದರೂ ಅದೇ ಮುಖ. ಈಗ ದಿನವೂ ತೆರೆ ತೆಗೆದೇ ಇರುತ್ತದೆ, ಸೋಮನಹಳ್ಳಿ ಕಡೆ ಫ್ಯಾಕ್ಟರಿಗೆ ಹೋಗುವ ಹುಡುಗಿಯರು ಬಸ್ಸಿಗೆ ಮೊದಲು ಬಂದು ಕೈಮುಗಿದು ಹೋಗುತ್ತಾರೆ. ಒಂದು ಶುಕ್ರವಾರ ಎಳೆಯ ಮಗು ಕಳೆದುಕೊಂಡ ಸೊಸೆಯೊಬ್ಬಳನ್ನು ಕರೆದುಕೊಂಡು ಬಂದರು. ಅವಳ ಮುಂದೆಯೂ ಅದೇ ಸಣ್ಣ ನಗು. ನಮ್ಮವರು ಮಂಗಳಾರತಿ ತಟ್ಟೆಯನ್ನು ಅಲ್ಲೇ ಇಟ್ಟು ಹೊರಗೆ ಹೋಗಿಬಿಟ್ಟರು. ನಾನು ಎತ್ತಿಕೊಂಡು ಆ ಹುಡುಗಿಗೆ ಕೊಟ್ಟೆ.

ಅಮ್ಮನ ದಯೆ ಇಲ್ಲವೆಂದು ನಾನು ಹೇಳುವುದಿಲ್ಲ. ಪೂಜೆ ತಪ್ಪಿಲ್ಲ. ಮುದ್ದೆಯನ್ನು ಇನ್ನೂ ಅವರೇ ಮುರಿದು ಉಣ್ಣುತ್ತಾರೆ, ಸಾರು ಚೆಲ್ಲುತ್ತದೆ, ಚೆಲ್ಲಲಿ. ಮಧ್ಯಾಹ್ನ ನಿದ್ದೆ ಹತ್ತಿದಾಗ ಕೈ ನಡುಗುವುದಿಲ್ಲ, ಆಗ ಪಕ್ಕದಲ್ಲಿ ಕೂತು ನೋಡುತ್ತೇನೆ. ಎಚ್ಚರವಾದ ಕೂಡಲೇ ಮತ್ತೆ ಶುರು. ನಿನಗೇ ಮುಖ ಮಾಡಿದ ಕೈ ಅಲ್ಲವೇನೇ ತಾಯಿ, ಎಂದು ಅಮ್ಮನನ್ನು ಕೇಳಬಾರದು. ಕೇಳಿದ್ದೇನೆ.

ಈ ವರ್ಷ ವರಮಹಾಲಕ್ಷ್ಮಿ ಹಬ್ಬ ಬಂತು. ಮನೆಯ ಕಳಶದ ತೆಂಗಿನಕಾಯಿಗೆ ಅರಿಶಿನದ ಮುಖ ಮಾಡುತ್ತಿದ್ದವರೂ ಅವರೇ, ಅದೂ ದೇವರ ಮನೆಯ ಬಾಗಿಲು ಮುಚ್ಚಿಕೊಂಡು. ಮದ್ದೂರಿನ ಅಂಗಡಿಗಳಲ್ಲಿ ಸಿದ್ಧ ಮುಖ ಬೇಕಾದಷ್ಟು ನೇತುಹಾಕಿರುತ್ತಾರೆ, ತರಲೇ ಎಂದೆ. ಬೇಡವೆಂದರು.

"ನೀನೇ ಮಾಡು. ನಾನ್ ಏಳ್ಕೊಡ್ತೀನಿ."

ನನಗೆ ಎಲ್ಲಿಲ್ಲದ ಆಸೆ ಹುಟ್ಟಿತು. ಇಷ್ಟು ವರ್ಷ ಕಲಸಿದ ಕೈಗೆ ಸ್ವಲ್ಪವಾದರೂ ಬಾರದೆ ಇರುತ್ತದೆಯೇ! ನಾನು ಕಲಿತರೆ ಅವರ ಕೆಲಸ ಮನೆಯಲ್ಲಾದರೂ ಉಳಿಯುತ್ತದೆ. ಮಡಿಯುಟ್ಟು ಕೂತೆ. ಅರಿಶಿನಕ್ಕೆ ಒಂದಿಷ್ಟು ಮೈದಾ ಸೇರಿಸಿ ಹದವಾಗಿ ಕಲಸಿ ಕಾಯಿಗೆ ಮೆತ್ತಿದೆ.

"ಮೂಗು ಎಳಿ."

ಎಳೆದೆ.

"ಅಂಗಲ್ಲ. ಮೆತ್ತುಗೆ. ವಸಿ... ಇಂಗೆ." ಗಾಳಿಯಲ್ಲಿ ಕೈಯಿಂದ ತೋರಿಸಿದರು. ಕೈ ನಡುಗುತ್ತಿತ್ತು. ಅವರು ಎಳೆದ ಗೆರೆ ಯಾವುದು, ನಡುಕದ ಗೆರೆ ಯಾವುದು, ನನಗೆ ಕಾಣಲಿಲ್ಲ.

"ಇಂಗಾ?"

"ಅಲ್ಲ ಕಣಮ್ಮಿ. ಕೆನ್ನೆಯಿಂದ ಬರ್ಬೇಕು. ಬೆರ್ಳು ಎಲ್ಲಿ ನಿಲ್ತದೋ ಅಲ್ಲಿ ಬುಡ್ಬೇಕು."

"ಎಲ್ ನಿಲ್ತದೆ ಅಂತ ಎಂಗ್ ಗೊತ್ತಾಗದು?"

ಅವರು ತಮ್ಮ ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡರು.

"ನಂಗೂ ಏಳಕ್ ಬರಕಿಲ್ಲ ಬುಡು," ಎಂದರು.

ನನ್ನ ಮುಂದೆ ಇದ್ದದ್ದು ಯಾರ ಮುಖವೂ ಅಲ್ಲ. ಅದಕ್ಕೆ ಕಣ್ಣು ಬರೆಯುವ ಧೈರ್ಯ ನನಗೆ ಬರಲಿಲ್ಲ. ಅಂಗೈಯಿಂದ ಮೂಗು ಸವರಿ, ಕಾಯಿಗೆ ಬರೀ ಅರಿಶಿನ ಬಳಿದು, ಕುಂಕುಮ ಇಟ್ಟು, ಹೂವು ಏರಿಸಿ ಪೂಜೆ ಮಾಡಿದೆ. ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು, ಈ ಸಲ ಮುಖ ಯಾಕಿಲ್ಲ ಎಂದು ಕೇಳಲಿಲ್ಲ. ಅದೊಂದು ಪುಣ್ಯ. ಅವರೆಲ್ಲ ಹೋಗುವ ತನಕ ನಮ್ಮವರು ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ, ಹೋದ ಮೇಲೂ ಬರಲಿಲ್ಲ.