ಮಿರ್ಚಿ ತಿನ್ನುತ್ತ ಪಾಸಾದ ಬೈಲಾ

"ಸರ್ವಾನುಮತದಿಂದ ಪಾಸಾಯಿತು." ಬಸ್ ಸ್ಟ್ಯಾಂಡ್ ಎದುರಿನ ಕೈಗಾಡಿಗಳನ್ನು ಎತ್ತಿಸುವ ಪುರಸಭೆಯ ಬೈಲಾ ಬಗ್ಗೆ ಊರೆಲ್ಲ ಹೇಳುವ ಮಾತಿದು. ನಾನು ಒಪ್ಪುವುದಿಲ್ಲ. ಆ ಮೀಟಿಂಗಿನಲ್ಲಿ ಹಿಂದಿನ ಬೆಂಚಿನ ಮೇಲೆ ನಾನೂ ಕೂತಿದ್ದೆ. ಯಾರೂ ಮತ ಹಾಕಿದ್ದನ್ನು ನಾನು ನೋಡಲಿಲ್ಲ. ಮಿರ್ಚಿ ಭಜಿ ತಿಂದದ್ದನ್ನು ನೋಡಿದೆ.

(ಊರಿನ ಹೆಸರು ಬೇಡ. ಹಾವೇರಿ–ರಾಣೆಬೆನ್ನೂರು ಬಸ್ಸಿನ ಯಾವ ಡ್ರೈವರನನ್ನು ಕೇಳಿದರೂ ನೀಲವ್ವನ ಮಿರ್ಚಿ ಗಾಡಿ ತೋರಿಸುತ್ತಾನೆ.)

ಆ ಜಾಗ ಹೋದರೆ ನೀಲವ್ವನ ವ್ಯಾಪಾರ ಮುಗಿಯಿತು. ಬಸ್ಸು ನಿಲ್ಲದ ಕಡೆ ಗಿರಾಕಿ ಎಲ್ಲಿಂದ ಬರಬೇಕು? ಬೈಲಾ ಮಾಡುವ ಮುಂಚೆ ಜನರ ತಕರಾರು ಕೇಳಬೇಕು ಎಂದು ನಿಯಮವೇನೋ ಇದೆ. ಕೇಳಿದರು. ಡಂಗುರ ಸಾರಿದ್ದು ಕೋಟೆ ಓಣಿಯಲ್ಲಿ. ಗಾಡಿಗಳು ನಿಲ್ಲುವುದು ಬಸ್ ಸ್ಟ್ಯಾಂಡಿನಲ್ಲಿ. ತಕರಾರು ಬರಲಿಲ್ಲವಂತೆ!

ಆದರೂ ನೀಲವ್ವನಿಗೆ ಧೈರ್ಯವಿತ್ತು. ನಮ್ಮ ಕಾಕಾ ಪುರಸಭೆ ಮೆಂಬರ್. ಮೀಟಿಂಗಿನ ಹಿಂದಿನ ಸಂಜೆ ಅವಳ ಗಾಡಿಯ ಮುಂದೆಯೇ ನಿಂತು ಹೇಳಿದ್ದರು: "ನಾ ಇರೂತನಾ ನಿನ್ನ ಗಾಡಿ ಯಾರು ಸರಸ್ತಾರ ನೋಡೂಣು!"

ಮೀಟಿಂಗಿನಲ್ಲಿ ಬೈಲಾ ಸರದಿ ಬರುವ ಹೊತ್ತಿಗೆ ಸರಿಯಾಗಿ ಚಹಾ, ಮಂಡಕ್ಕಿ, ಮಿರ್ಚಿ ಬಂದವು. ಎಲ್ಲರ ಬಾಯಿ ತುಂಬಿದ್ದನ್ನು ನೋಡಿಕೊಂಡು ಅಧ್ಯಕ್ಷರು ಕೇಳಿದರು, "ವಿರೋಧ ಇದ್ದಾವ್ರು ಹೇಳ್ರೆಪಾ." ಕಾಕಾ ಮಿರ್ಚಿ ಕಚ್ಚಿದರು. "ಇಲ್ಲಾ? ಆತು, ಪಾಸ್."

ಲೂನಾ ಹತ್ತುತ್ತಿದ್ದ ಕಾಕಾನನ್ನು ಗೇಟಿನಲ್ಲೇ ಹಿಡಿದೆ.

"ಯಾಕ ಮಾತಾಡ್ಲಿಲ್ಲ ಕಾಕಾ?"

"ಏನ್ ಖಾರ ಇತ್ತೋ ಮಾರಾಯಾ! ಬಾಯಿ ತಗ್ಯಾಕ ಆಗಲಿಲ್ಲ. ಅಷ್ಟರಾಗ ಪಾಸ್ ಆಗಿ ಹೋತು."

"ದಿನಾ ಸಂಜಿಕೆ ನೀಲವ್ವನ ಗಾಡಿ ಮುಂದ ನಾಕ್ ನಾಕ್ ಮಿರ್ಚಿ ತಿಂತ ದಿಲ್ಲಿ ಸರಕಾರ ಬೀಳಸ್ತೀರಿ. ಆವಾಗ ಖಾರ ಹತ್ತಂಗಿಲ್ಲೇನು?"

"ಡಿಬೇಟ್ ಕಾಲೇಜಿನ್ಯಾಗ ಇಟ್ಕೊ, ನನ್ನ ಮುಂದ ಬ್ಯಾಡ." ಲೂನಾ ಹೋಯಿತು.

ನಾನು ನೀಲವ್ವನ ಗಾಡಿಗೆ ಹೋದೆ. ಅದರ ಬೆನ್ನಿಗೇ ಹೊಸ ಹೋಟೆಲೊಂದು ಏಳುತ್ತಿದೆ. (ಯಾರದೆಂದು ಕೇಳಿದರೆ ಊರಿಗೆ ಊರೇ ಆಕಾಶ ನೋಡುತ್ತದೆ.) ಸುದ್ದಿ ಅವಳಿಗೆ ಇನ್ನೂ ಮುಟ್ಟಿರಲಿಲ್ಲ. ನಗುತ್ತಲೇ ಕೇಳಿದಳು:

"ಮೀಟಿಂಗಿನ್ಯಾಗ ನಮ್ಮ ಮಿರ್ಚಿ ಹೆಂಗಿದ್ದೂರಿ ತಮ್ಮಾ? ಅಧ್ಯಕ್ಷರು ನನ್ನ ಕಡಿಂದನ ತರಿಸಿದ್ರು. ನಿಮ್ಮ ಕಾಕಾರು ನಮ್ಮ ಸಲುವಾಗಿ ಮಾತಾಡೋರು, ಗಂಟಲಾ ಹಿಡೀಬಾರದು ಅಂತ ಒಂದೊಂದ ಮೆಣಸಿನಕಾಯಿ ಸೀಳಿ ಬೀಜಾ ತಗದ ಕರದೇನಿ."

 

ನಾನು ಬರೆಯುವ ಈ ಅಂಕಣವನ್ನು ಕಾಕಾ ತಪ್ಪದೆ ಓದುತ್ತಾರೆ. ಆದ್ದರಿಂದ ಇಲ್ಲಿಯೇ ಕೇಳುತ್ತೇನೆ. ಅದು ಬೀಜ ತೆಗೆದು ಕರಿದ ಮಿರ್ಚಿ, ಕಾಕಾ. ನಿಮ್ಮ ಬಾಯಿ ಕಟ್ಟಿದ ಆ ಖಾರ ಯಾವುದು?